ಕುದುರೆಯಂಥ ದೊಡ್ಡ ಪ್ರಾಣಿಗೂ ಇಷ್ಟು ಹೆದರಿಕೆ ಯಾಕೆ?

ಮಲ್ಪೆ ಬೀಚಿನಲ್ಲಿ ಗಾಳಿಗೆ ಹಾರಿದ ಪ್ಲಾಸ್ಟಿಕ್ ತೊಟ್ಟೆ ಕಂಡು ಸವಾರಿ ಕುದುರೆ ಬೆಚ್ಚಿತು, ಕುದುರೆಯನ್ನು ತಿನ್ನುವ ಪ್ರಾಣಿಯೂ ಉಂಟಾ ಎಂದು ಕೇಳಿದ್ದೀರಿ. ಉಂಟು ಮಾರಾಯ್ರೇ. ಮಂಗೋಲಿಯಾದ ಕಾಡುಕುದುರೆಗಳಿಗೆ ತೋಳ, ಅಮೆರಿಕದ ನೆವಾಡಾ ಕಡೆ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕು, ಆಫ್ರಿಕಾದ ನಮೀಬ್ ಮರುಭೂಮಿಯಲ್ಲಿ ಚುಕ್ಕೆಯ ಕತ್ತೆಕಿರುಬ. ಇವುಗಳ ಕಣ್ಣು ಹೆಚ್ಚಾಗಿ ಮರಿಗಳ ಮೇಲೆ. ನಮೀಬ್‌ನಲ್ಲಂತೂ ಕೆಲವು ವರ್ಷ ಹುಟ್ಟಿದ ಮರಿಗಳು ಉಳಿದದ್ದೇ ಅಪರೂಪ. ಬೆಳೆದ ಕುದುರೆಯ ಹಿಂಗಾಲಿನ ಒದೆತ ತಿನ್ನಲು ಯಾರಿಗೂ ಇಷ್ಟವಿಲ್ಲ. ಆದರೂ ಪ್ಯೂಮಾ ಮರೆಯಲ್ಲಿ ಹೊಂಚು ಹಾಕಿ ಕೆಲವೊಮ್ಮೆ ದೊಡ್ಡದನ್ನೂ ಕೆಡವುತ್ತದೆ.

ಕುದುರೆಗೆ ಕೊಂಬಿಲ್ಲ, ಕೋರೆಯಿಲ್ಲ. ಹಾಗಾಗಿ ಮೊದಲು ಓಡು, ಆಮೇಲೆ ತಿರುಗಿ ನೋಡು ಎನ್ನುವುದೇ ಅದರ ಲೆಕ್ಕ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮರಿ ಎದ್ದು ನಿಲ್ಲುತ್ತದೆ. ಕಾಲಿನ ಕೀಲು ಬಿಗಿದುಕೊಳ್ಳುವ ವ್ಯವಸ್ಥೆ ಇರುವುದರಿಂದ ದೊಡ್ಡವು ನಿಂತೇ ತೂಕಡಿಸುತ್ತವೆ. ಗಾಢ ನಿದ್ದೆಗೆ ಮಾತ್ರ ಮಲಗಬೇಕು, ಆಗ ಹಿಂಡಿನಲ್ಲಿ ಒಂದಾದರೂ ಎಚ್ಚರವಾಗಿರುವುದು ಸಾಮಾನ್ಯ. ತಲೆಯ ಎರಡು ಬದಿಯಲ್ಲಿರುವ ಕಣ್ಣಿಗೆ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಹಣೆಯ ಎದುರಿನ ಚೂರು ಜಾಗ ಮತ್ತು ನೇರ ಹಿಂದೆ. ಮಲ್ಪೆಯ ಆ ತೊಟ್ಟೆ ಹಿಂದಿನಿಂದಲೇ ಬಂದಿರಬೇಕು.