ಖಾಲಿ ಸ್ಟ್ರಿಪ್ಪು ಅವ್ವನಿಗೆ, ಗುಳಿಗೆ ಗಟಾರಕ್ಕೆ

ಗದಗ-ಬೆಟಗೇರಿಯಿಂದ ಒಬ್ಬ ಹುಡುಗ ನಾಲ್ಕು ಹಾಳೆ ಬರೆದಿದ್ದಾನೆ. ಓದಿ ಎರಡು ದಿನ ಸುಮ್ನೆ ಇಟ್ಟೆ. ಮೂರನೇ ದಿನವೂ ಸಿಟ್ಟು ಇಳಿಯಲಿಲ್ಲ. ಹಾಗಾಗಿ ಈ ವಾರ ಬೇರೆ ಪತ್ರಗಳಿಗೆ ಜಾಗವಿಲ್ಲ.

ಅವನ ಕತೆ ಇಷ್ಟು. ವಯಸ್ಸು 28, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಆರು ವರ್ಷದಿಂದ ಬಾಡಿ ಬಿಲ್ಡಿಂಗ್. ಸ್ಟಿರಾಯ್ಡ್ ಇಲ್ಲ, ಇಂಜೆಕ್ಷನ್ ಇಲ್ಲ. ಜೋಳದ ರೊಟ್ಟಿ, ಮಡಕಿಕಾಳು, ತತ್ತಿ, ಶೇಂಗಾ, ವಾರಕ್ಕೆರಡು ಸಲ ಕೋಳಿ. "ನಾ ಪೂರಾ ನ್ಯಾಚುರಲ್ ರೀ" ಎಂದು ಮೂರು ಕಡೆ ಬರೆದು ಕೆಳಗೆ ಗೆರೆ ಎಳೆದಿದ್ದಾನೆ. ಶ್ರಾವಣದಲ್ಲಿ ಕೆಮ್ಮು ಹಿಡಿಯಿತು. ಸಂಜೆ ಜ್ವರ, ರಾತ್ರಿ ಬೆವರು. ಕಫ ಪರೀಕ್ಷೆ ಮಾಡಿಸಿದರೆ ಟಿಬಿ. 82 ಕೆಜಿ ಇದ್ದವನು 67ಕ್ಕೆ ಬಂದ. ಈಗ ಚಿಕಿತ್ಸೆಯ ನಾಲ್ಕನೇ ತಿಂಗಳು. ಯುಗಾದಿ ಹೊತ್ತಿಗೆ ಸ್ಪರ್ಧೆ ಇದೆ, ಜಿಮ್ಮಿನ ಕನ್ನಡಿ ಮುಂದೆ ಶರ್ಟು ತೆಗೆಯಲು ನಾಚಿಕೆಯಾಗುತ್ತದೆ. ಜಿಮ್ಮಿನ ಸರ್ "ಎಂಟು ವಾರ ಒಂದು ಕೋರ್ಸ್ ಹಾಕು, ಎಲ್ಲಾ ವಾಪಸ್ ಬರ್ತದ" ಅಂತಿದ್ದಾರೆ. ಕೋರ್ಸ್ ಅಂದರೆ ಸ್ಟಿರಾಯ್ಡ್. ಸೋದರಮಾವ "ಓಣ್ಯಾಗ ನಿಮೋನಿಯಾ ಅಂತ ಹೇಳ್ರಿ, ಟಿಬಿ ಅಂದ್ರ ನಾಳೆ ಹೆಣ್ಣು ಯಾರು ಕೊಡ್ತಾರ" ಅಂತಿದ್ದಾರೆ. ಹುಡುಗನ ಪ್ರಶ್ನೆ ಎರಡು. ಹುರುಪು ಉಳಿಸಿಕೊಳ್ಳುವುದು ಹೇಗೆ? ಕಾಯಿಲೆಯಿಂದ ಎದ್ದವನು ಒಂದೇ ಒಂದು ಕೋರ್ಸ್ ಮಾಡಿದರೆ ಅದು ಮೋಸವಾ?

ಆ ಎರಡೂ ಇರಲಿ. ಸಹಿ ಹಾಕಿದ ಮೇಲೆ, ಹಾಳೆಯ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದ್ದಾನೆ: "ಗುಳಿಗಿ ತೊಗೊಂಡ್ರ ಹೊಟ್ಟಿ ತೊಳಸತೈತಿ, ಮುಂಜಾನೆ ವರ್ಕೌಟ್ ಆಗೂದಿಲ್ಲ. ಹೆಂಗೂ ಕೆಮ್ಮು ನಿಂತೈತಿ. ಹನ್ನೊಂದು ದಿನ ಆತು ಬಿಟ್ಟೇನ್ರಿ. ಅವ್ವಗ ಗೊತ್ತಿಲ್ಲ, ಖಾಲಿ ಸ್ಟ್ರಿಪ್ ತೋರಸ್ತೇನಿ."

ತಮ್ಮಾ, ಅಕ್ಕಾರ ಅಂತ ಕರೆದಿದ್ದೀಯ. ಆ ಸಲುಗೆಯಲ್ಲೇ ಏಕವಚನದಲ್ಲಿ ಬರೆಯುತ್ತೇನೆ.

ದಿನಾ ಬೆಳಗ್ಗೆ ಐದು ಗುಳಿಗೆ ಒಡೆದು ಗಟಾರಕ್ಕೆ ಹಾಕಿ, ಖಾಲಿ ಸ್ಟ್ರಿಪ್ಪನ್ನು ಅವ್ವನ ಕೈಗೆ ಕೊಡುತ್ತೀಯ. ಅವಳು ಅದನ್ನು ಎಣಿಸಿ ದೇವರಿಗೆ ಕೈ ಮುಗಿಯುತ್ತಾಳೆ. ಇದನ್ನು ಮಾಡುತ್ತಾ ಇರುವವನು ನನ್ನ ಹತ್ತಿರ ಇಂಜೆಕ್ಷನ್ ಮೋಸವಾ ಅಂತ ಕೇಳುತ್ತೀಯ!

ಆ ಐದು ಗುಳಿಗೆಯ ಲೆಕ್ಕ ಯಾಕೆ ಅಂತ ಗೊತ್ತಾ? ರೋಗಿಯ ತೂಕ ನೋಡಿಯೇ ಕೊಡುತ್ತಾರೆ. 65ರಿಂದ 75 ಕೆಜಿಯವರಿಗೆ ಐದು, 50ರಿಂದ 64ರವರಿಗೆ ನಾಲ್ಕು. ಕೋಳಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಿ ತಿನ್ನುವ ನಿನಗೆ ಈ ಲೆಕ್ಕ ಯಾರೂ ಬಿಡಿಸಿ ಹೇಳಬೇಕಿಲ್ಲ. ಮೊದಲ ಎರಡು ತಿಂಗಳಲ್ಲಿ ಹೆಚ್ಚಿನ ಕ್ರಿಮಿ ಸಾಯುತ್ತವೆ, ಅದಕ್ಕೇ ಕೆಮ್ಮು ನಿಲ್ಲುತ್ತದೆ. ಉಳಿದವು ಮುದುಡಿ ಮಲಗಿರುತ್ತವೆ. ಮುಂದಿನ ನಾಲ್ಕು ತಿಂಗಳ ಔಷಧಿ ಅವುಗಳಿಗಾಗಿ. ನಡುವೆ ಬಿಟ್ಟರೆ ಅವು ಮತ್ತೆ ಎದ್ದು ಬರಬಹುದು. ಬಿಡುವುದು, ಹಿಡಿಯುವುದು ಮಾಡುತ್ತಾ ಹೋದರೆ ಇದೇ ಔಷಧಿಗೆ ಜಗ್ಗದಂತಾಗಬಹುದು. ಆಮೇಲೆ ಬೇರೆ ಔಷಧಿ, ಇದಕ್ಕಿಂತ ಜಾಸ್ತಿ ತೊಂದರೆ ಕೊಡುವಂಥವು. ಹೊಟ್ಟೆ ತೊಳಸುವುದು ಸುಳ್ಳಲ್ಲ. ಆದರೆ ಅದನ್ನು ಡಾಕ್ಟರಿಗೆ ಹೇಳಬೇಕಿತ್ತು. ಅದಕ್ಕೆ ಉಪಾಯ ಇರುತ್ತದೆ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದರೆ ಹೆದರಬೇಡ, ಈ ಗುಳಿಗೆಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧಿ ನುಂಗುವವರೆಗೂ ಹಾಗೇ. ಕಣ್ಣು ಹಳದಿಯಾದರೆ ಮಾತ್ರ ಒಂದು ದಿನವೂ ತಡಮಾಡದೆ ಓಡು. ಈ ಔಷಧಿಗಳು ಕೆಲವರ ಲಿವರಿಗೆ ತೊಂದರೆ ಮಾಡುತ್ತವೆ. ಬಾಯಿಂದ ತೆಗೆದುಕೊಳ್ಳುವ ಸ್ಟಿರಾಯ್ಡುಗಳ ಪೆಟ್ಟೂ ಅದೇ ಲಿವರಿನ ಮೇಲೆ. ಕೋರ್ಸಿನ ಮಾತಿಗೆ ಉತ್ತರ ಇಲ್ಲಿಗೇ ಮುಗಿಯಿತು. ಹ್ಞಾಂ, ಮೋಸವೂ ಹೌದು.

ನಿಮ್ಮ ಜಿಮ್ಮಿನ ಸರ್ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಬಾಡಿಗೆ ಕಟ್ಟಬೇಕು, ಗೋಡೆ ಮೇಲೆ ಹುಡುಗರ ಫೋಟೋ ಹಾಕಬೇಕು. ಅವರ ಬುದ್ಧಿ ಅಷ್ಟೇ. ನನ್ನ ಸಿಟ್ಟೆಲ್ಲ ನಿನ್ನ ಮಾವನ ಮೇಲೆ.

ಎರಡನೇ ಹಾಳೆಯಲ್ಲಿ, ಅಕ್ಕ ಮೂರು ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಾಳೆ, ಆ ಕೂಸು ರಾತ್ರಿ ನಿನ್ನ ಪಕ್ಕದಲ್ಲೇ ಮಲಗುತ್ತಿತ್ತು ಅಂತ ಬರೆದಿದ್ದೀಯ. ಆ ಕೂಸಿಗೆ ಪರೀಕ್ಷೆ ಮಾಡಿಸಿದಿರಾ? ಅದರ ಮಾತೇ ಪತ್ರದಲ್ಲಿ ಇಲ್ಲ. ಶ್ವಾಸಕೋಶದ ಟಿಬಿ ಇರುವವರ ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ಮೊದಲು ಅದನ್ನು ನೋಡಬೇಕು. ರೋಗ ಇಲ್ಲದಿದ್ದರೂ ಬರದಂತೆ ತಡೆಯುವ ಔಷಧಿ ಕೊಡುತ್ತಾರೆ. ಆದರೆ ನಿಮ್ಮ ಮನೆಯಲ್ಲಿ ಇರುವುದು ನಿಮೋನಿಯಾ! ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದರೂ "ಏನಿಲ್ಲವಾ, ಆರಾಮ ಅದಾನ" ಅಂತ ಕಳಿಸಿರುತ್ತೀರಿ. ಯಾವ ಊರಲ್ಲೋ ಇರುವ, ಇನ್ನೂ ನೋಡಿರದ ಹೆಣ್ಣಿನ ಅಪ್ಪನಿಗೆ ಹೆದರಿ ಮನೆಯ ಕೂಸನ್ನು ಮರೆತ ಈ ಮಾವ ಮದುವೆ ಮಾಡಿಸಿ ಏನು ಉದ್ಧಾರ ಮಾಡುತ್ತಾನೆ? ಈ ಅಂಕಣದಲ್ಲಿ ಹತ್ತು ಸಲ ಹೇಳಿದ್ದೇನೆ, ಹನ್ನೊಂದನೇ ಸಲ ಹೇಳುತ್ತೇನೆ. ಹೆಣ್ಣು ನೋಡುವ ಹೊತ್ತಿಗೆ ಬಚ್ಚಿಟ್ಟ ಕಾಯಿಲೆ ಮದುವೆಯಾದ ವರ್ಷದಲ್ಲೇ ಹೊರಗೆ ಬರುತ್ತದೆ. ಬಚ್ಚಿಡಬೇಕಾದ ಕಾಯಿಲೆಯೂ ಇದಲ್ಲ. ಸರಿಯಾಗಿ ಗುಳಿಗೆ ನುಂಗಿದರೆ ಆರು ತಿಂಗಳಲ್ಲಿ ವಾಸಿಯಾಗುತ್ತದೆ.

ನಮ್ಮ ಕಾಕಾ ಧಾರವಾಡದ ಒಂದು ಗರಡಿಯಲ್ಲಿ ಸಾಮು ಮಾಡುತ್ತಿದ್ದರು. ಸಂಗ್ರಾಣಿ ಕಲ್ಲನ್ನು ಹೆಗಲಿಗೇರಿಸಿದರೆ ಓಣಿಯೇ ನೋಡಲು ಬರುತ್ತಿತ್ತಂತೆ. 60ರ ದಶಕದಲ್ಲಿ ಅವರಿಗೂ ಇದೇ ರೋಗ. ಆಗ ಆರು ತಿಂಗಳ ಚಿಕಿತ್ಸೆ ಎಲ್ಲಿತ್ತು? ಸ್ಟ್ರೆಪ್ಟೋಮೈಸಿನ್ ಚುಚ್ಚಿಸಿಕೊಂಡು, ಹಿಡಿ ಹಿಡಿ ಗುಳಿಗೆ ತಿಂದು ಒಂದೂವರೆ ವರ್ಷ. ಕಾಕಾ ಪೂರ್ತಿ ಮಾಡಿದರು. ಆ ಒಂದೂವರೆ ವರ್ಷ ಗರಡಿಗೆ ದಿನಾ ಹೋಗಿ ಕಟ್ಟೆ ಮೇಲೆ ಕೂತು ಬರುತ್ತಿದ್ದರಂತೆ, ಮಣ್ಣು ಮುಟ್ಟದೆ. ಹುರುಪು ಎಲ್ಲಿಂದ ಬಂತು ಕಾಕಾ ಅಂತ ಒಮ್ಮೆ ಕೇಳಿದೆ. "ಎಲ್ಲಿ ಹುರುಪು, ನಿಮ್ಮ ಕಾಕು ಬೈತಿದ್ಲು, ನುಂಗ್ತಿದ್ದೆ" ಅಂದರು.

ಅದಕ್ಕೇ ಮೋಟಿವೇಶನ್ ಎನ್ನುವ ಮಾತು ಕೇಳಿದರೆ ನನಗೆ ಆಗುವುದಿಲ್ಲ. ಹಳೆಯ ಓದುಗರಿಗೆ ಗೊತ್ತು. ಆರು ವರ್ಷ ದಿನಾ ಐದು ಗಂಟೆಗೆ ಎದ್ದೆಯಲ್ಲ, ದಿನಾ ಹುರುಪು ಇತ್ತಾ? ಎಷ್ಟೋ ದಿನ ನಿದ್ದೆಗಣ್ಣಲ್ಲೇ ಹೋಗಿ ಬೈಠಕ್ ಹೊಡೆದಿರುತ್ತೀಯ. ಗುಳಿಗೆಯೂ ಹಾಗೇ.

ನಿನಗೊಬ್ಬ ಆದರ್ಶ ಬೇಕಿದ್ದರೆ ಮನೋಹರ್ ಐಚ್ ಕತೆ ಕೇಳು. ಬಂಗಾಳದವರು, ಎತ್ತರ ಐದಡಿಗೆ ಒಂದಿಂಚು ಕಮ್ಮಿ. ಹುಡುಗನಾಗಿದ್ದಾಗ ಕಾಲಾ ಅಜಾರ್ ಎಂಬ ಜ್ವರ ಬಂದು ಸಾವಿನ ಬಾಗಿಲಿಗೆ ಹೋಗಿ ಬಂದವರು. ಕಾಯಿಲೆ ಬಿಟ್ಟ ಮೇಲೆ ದಂಡ, ಬೈಠಕ್ ಮಾಡುತ್ತಾ ಮೈ ಕಟ್ಟಿಕೊಂಡರು. 1952ರಲ್ಲಿ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯಲ್ಲಿ ತಮ್ಮ ಎತ್ತರದವರ ವಿಭಾಗ ಗೆದ್ದರು, ನೂರು ದಾಟಿ ಬದುಕಿ 2016ರಲ್ಲಿ ಹೋದರು. ಗಮನಿಸು, ಕಾಯಿಲೆ ಬಿಟ್ಟ ಮೇಲೆ. ನಿನ್ನದು ಇನ್ನೂ ಬಿಟ್ಟಿಲ್ಲ. ಒಮ್ಮೆ ಬೆಳೆಸಿದ ತೋಳು ಎರಡನೇ ಸಲ ಬೇಗ ಬರುತ್ತದೆ, ಅದು ನಿನಗೇ ಗೊತ್ತು. ಈ ಯುಗಾದಿಯ ಸ್ಪರ್ಧೆ ಬಿಡು. ಡಾಕ್ಟರ್ ಹ್ಞೂಂ ಅಂದರೆ ಸಂಜೆ ಭೀಷ್ಮ ಕೆರೆ ಕಡೆ ಅಡ್ಡಾಡಿ ಬಾ, ಸಾಕು.

ಈಗ ಮಾಡಬೇಕಾದದ್ದು ಒಂದೇ. ಇದನ್ನು ಓದಿದ ಮರುದಿನ ಬೆಳಗ್ಗೆ ನಿನಗೆ ಗುಳಿಗೆ ಕೊಡುವ ಸರ್ಕಾರಿ ಆಸ್ಪತ್ರೆಗೆ ಹೋಗಿ "ಹನ್ನೊಂದು ದಿನ ಬಿಟ್ಟಿದ್ದೇನೆ" ಅಂತ ಹೇಳು. ದಿನ ಇನ್ನೂ ಜಾಸ್ತಿಯಾಗಿದ್ದರೆ ಅಷ್ಟನ್ನೂ ಹೇಳು. ಬೈದರೆ ಬೈಸಿಕೋ. ಬಿಟ್ಟ ದಿನಗಳಿಗೆ ಸೇರಿಸಿ ಡಬಲ್ ನುಂಗುವ ಜಾಣತನ ಬೇಡ, ಮುಂದೇನು ಅಂತ ಅವರೇ ಹೇಳುತ್ತಾರೆ. ಪೌಷ್ಟಿಕ ಆಹಾರಕ್ಕೆ ಸರ್ಕಾರ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ 2024ರ ನವೆಂಬರಿನಿಂದ 1000 ಆಗಿದೆ, ನಿನ್ನ ಖಾತೆಗೆ ಬರುತ್ತಿದೆಯಾ ಅಂತಲೂ ಕೇಳು. ತತ್ತಿ ಖರ್ಚಿಗಾದರೂ ಆಗುತ್ತದೆ.

ಹೋಗುವಾಗ ಅವ್ವನನ್ನೂ ಅಕ್ಕನನ್ನೂ ಕರೆದುಕೊಂಡು ಹೋಗು. ಕೂಸನ್ನು ಅಕ್ಕ ಎತ್ತಿಕೊಳ್ಳಲಿ. ಓಣಿಯಲ್ಲಿ ಯಾರಾದರೂ ಎಲ್ಲಿಗೆ ಅಂತ ಕೇಳಿದರೆ ಟಿಬಿ ದವಾಖಾನೆಗೆ ಅನ್ನು. ಮಾವ ತಕರಾರು ತೆಗೆದರೆ ಈ ಪುಟ ಅವರ ಕೈಗೆ ಕೊಡು.