1996ರಲ್ಲಿ ತೀರ್ಥಹಳ್ಳಿ ಕಡೆ ಹುಟ್ಟಿದ ನಾನು ಮಿಲೆನಿಯಲ್ಲಾ, ಜೆನ್ ಝೀನಾ? ಎರಡೂ ಯಾಕೆ ಹೊಂದಲ್ಲ?

ಲೆಕ್ಕದ ಪ್ರಕಾರ ನೀವು ಮಿಲೆನಿಯಲ್. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 1981ರಿಂದ 1996ರವರೆಗೆ ಹುಟ್ಟಿದವರನ್ನು ಆ ತಲೆಮಾರಿಗೆ ಸೇರಿಸುತ್ತದೆ. 1997ರಿಂದ ಮುಂದಿನ ತಲೆಮಾರು, ಜೆನ್ ಝೀ. ಆದರೆ ಆ ಗೆರೆ ಎಳೆದದ್ದು ಅಲ್ಲಿನವರ ಬದುಕು ನೋಡಿ. ಬೇರೆಯವರ ಅಳತೆಗೆ ಹೊಲಿದ ಅಂಗಿ ಅದು.

ಹುಟ್ಟಿದ ವರ್ಷಕ್ಕಿಂತ, ಯಾವ ವಯಸ್ಸಿನಲ್ಲಿ ಏನು ಕೈಗೆ ಬಂತು ಎನ್ನುವುದೇ ಮುಖ್ಯ. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರಲ್ಲೇ. ಆದರೆ ಅದು ಘಟ್ಟದ ಹಳ್ಳಿಗಳಿಗೆ ಬರಲು ತುಂಬಾ ಹೊತ್ತು ಹಿಡಿಯಿತು. ಮೊಬೈಲ್ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ನಡುವೆ ಗುಡ್ಡ ಬಂದರೆ ಅದರ ಹಿಂದಿನ ಕಣಿವೆಗೆ ಸಿಗ್ನಲ್ ಸಿಗುವುದು ಕಷ್ಟ. ಮನೆಗಳೋ ಅಡಿಕೆ ತೋಟದ ನಡುವೆ ಅಲ್ಲೊಂದು ಇಲ್ಲೊಂದು. ನಾಲ್ಕು ಮನೆಗಾಗಿ ಟವರ್ ಹಾಕಲು ಯಾರಿಗೆ ಅವಸರ ಇರುತ್ತೆ, ಅಲ್ವಾ?

ಹಾಗಾಗಿ ಶಿವಮೊಗ್ಗ ಪೇಟೆಯ ಹುಡುಗ ಸೈಬರ್ ಕೆಫೆಯಲ್ಲಿ ಕೂತಿದ್ದಾಗ, ಅದೇ ವಯಸ್ಸಿನ ಹೊಸನಗರದ ಹಳ್ಳಿ ಹುಡುಗಿ ಲ್ಯಾಂಡ್‌ಲೈನ್ ಪಕ್ಕ ಕಾಯುತ್ತಿದ್ದಳು. ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿತ್ತೋ, ಅದೂ ಸತ್ತಿತು. ನಮ್ಮ ಮನೆ ಫೋನ್ ಜುಲೈನಲ್ಲಿ ಸುಮ್ನೆ ಅಲಂಕಾರಕ್ಕಿತ್ತು!

2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು, ನಿಜ. ಆದರೂ 2020ರ ಲಾಕ್‌ಡೌನ್‌ನಲ್ಲಿ ಮಲೆನಾಡಿನ ಎಷ್ಟೋ ಮಕ್ಕಳು ಆನ್‌ಲೈನ್ ಪಾಠಕ್ಕೆ ಕೊಡೆ ಹಿಡಿದು ಗುಡ್ಡ ಹತ್ತಿದರು. ಹೆಸರಿಗೆ ಅವರೂ ಜೆನ್ ಝೀ.