ಅಪ್ಪನ ಶ್ವಾಸಕೋಶದಲ್ಲಿ 7 ಮಿ.ಮೀ. ಗಂಟು: ಈಗಲೇ ಪೆಟ್ ಸ್ಕ್ಯಾನ್ ಮಾಡಿಸಬೇಕಾ?

ನಿಮ್ಮ ತಂದೆಗೆ 62, ಬೀಡಿ ಬಿಟ್ಟು ಎಂಟು ವರ್ಷ, ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 7 ಮಿ.ಮೀ. ಗಟ್ಟಿ ಗಂಟು. ಡಾಕ್ಟರು ಆರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ, ನಿಮಗೆ ಅಲ್ಲಿವರೆಗೆ ತಡೆಯೋಕಾಗ್ತಿಲ್ಲ. ಅರ್ಥವಾಗುತ್ತೆ.

ನಾನು ಡಾಕ್ಟರಲ್ಲ, ಅಮ್ಮನಿಗೆ 9 ಮಿ.ಮೀ. ಗಂಟು ಕಂಡಾಗ ಎರಡು ವಾರ ನಿದ್ದೆಗೆಟ್ಟವನು. ಆಗ ತಜ್ಞರು ಮೊದಲು ಕೇಳಿದ್ದು, "ಹಳೇ ಸ್ಕ್ಯಾನು ಏನಾದ್ರೂ ಇದೆಯಾ?" ಅಂತ. ನಾಲ್ಕು ವರ್ಷದ ಹಿಂದೆ ನ್ಯುಮೋನಿಯಾ ಆದಾಗ ತೆಗೆಸಿದ್ದ ಸಿಟಿ ಬೀರುವಿನ ಕೆಳಗಿನ ಖಾನೆಯಲ್ಲಿ, ಮದುವೆ ಆಲ್ಬಮ್ಮಿನ ಅಡಿ ಸಿಕ್ಕಿತು. ಅದೇ ಜಾಗ, ಅದೇ ಅಳತೆ. ಗಟ್ಟಿ ಗಂಟು ಎರಡು ವರ್ಷ ಬೆಳೆಯದೇ ಇದ್ದರೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಹಾಗಾಗಿ ನೀವೂ ಮೊದಲು ಮನೆ ತಡಕಾಡಿ. ಹಳೇ ಎಕ್ಸ್‌ರೇ ಸಿಕ್ಕರೂ ಒಯ್ಯಿರಿ.

ಆರು ತಿಂಗಳು ಯಾಕೆ ಅಂದರೆ, ಬೆಳವಣಿಗೆ ಅಳೆಯೋಕೆ ಸಮಯ ಬೇಕು. ಶ್ವಾಸಕೋಶದ ಕ್ಯಾನ್ಸರ್ ಗಂಟಿನ ಗಾತ್ರ (ಅಡ್ಡಳತೆಯಲ್ಲ, ಒಟ್ಟು ಘನ ಅಳತೆ) ಇಮ್ಮಡಿಯಾಗಲು ಹೆಚ್ಚಾಗಿ 100ರಿಂದ 400 ದಿನ ಹಿಡಿಯುತ್ತದೆ. 8 ಮಿ.ಮೀ. ಗಂಟು 10 ಆದರೆ ಎರಡೇ ಮಿಲಿಮೀಟರ್ ಅನ್ನಿಸಬಹುದು, ಆದರೆ ಗಾತ್ರ ಆಗಲೇ ಹೆಚ್ಚುಕಡಿಮೆ ದುಪ್ಪಟ್ಟು. ಹದಿನೈದು ದಿನಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಿದರೆ ಏನೂ ತಿಳಿಯುವುದಿಲ್ಲ. ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಶ್ನರ್ ಸೊಸೈಟಿಯ 2017ರ ಮಾರ್ಗಸೂಚಿಯೂ 6ರಿಂದ 8 ಮಿ.ಮೀ. ಗಟ್ಟಿ ಗಂಟಿಗೆ 6ರಿಂದ 12 ತಿಂಗಳಲ್ಲಿ ಸಿಟಿ ಅನ್ನುತ್ತದೆ. ಬೀಡಿ, ಸಿಗರೇಟು ಸೇದಿದವರಿಗೆ 18ರಿಂದ 24 ತಿಂಗಳಲ್ಲಿ ಇನ್ನೊಂದು.

ಪೆಟ್ ಬಗ್ಗೆ (ಸಕ್ಕರೆಯಂಥ ವಿಕಿರಣ ಔಷಧ ಚುಚ್ಚಿ, ಗಂಟು ಹೊಳೆಯುತ್ತದಾ ಅಂತ ನೋಡುವ ಸ್ಕ್ಯಾನ್ ಅದು): 8 ಮಿ.ಮೀ.ಗಿಂತ ಚಿಕ್ಕದರಲ್ಲಿ ಅದನ್ನು ನಂಬುವುದು ಕಷ್ಟ. ಜೊತೆಗೆ ನಮ್ಮ ದೇಶದಲ್ಲಿ ಟಿಬಿ ಇದೆಯಲ್ಲ, ಅದೂ ಪೆಟ್‌ನಲ್ಲಿ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ. (ಟಿಬಿಗೂ ಶ್ವಾಸಕೋಶದ ಮೇಲ್ಭಾಗವೇ ಇಷ್ಟ, ನೋಡಿ.) ಅಷ್ಟು ದುಡ್ಡು ಸುರಿದು ಇನ್ನಷ್ಟು ಗೊಂದಲ ತಂದುಕೊಂಡಂತಾಗುತ್ತದೆ. ಸೂಜಿ ಹಾಕಿ ಬಯಾಪ್ಸಿ ಮಾಡೋಕೂ 7 ಮಿ.ಮೀ. ಬಲು ಚಿಕ್ಕದು, ಶ್ವಾಸಕೋಶದಿಂದ ಗಾಳಿ ಸೋರುವ ಅಪಾಯ ಬೇರೆ.

ಹಾಗಂತ ಹಗುರವಾಗಿಯೂ ತಗೋಬೇಡಿ. ವಯಸ್ಸು, ಬೀಡಿ, ಮೇಲ್ಭಾಗ, ಮೂರೂ ಅನುಮಾನ ಹೆಚ್ಚಿಸುವಂಥವೇ. ರಿಪೋರ್ಟಿನಲ್ಲಿ 'ಸ್ಪಿಕ್ಯುಲೇಟೆಡ್' ಅಂತಿದೆಯಾ ನೋಡಿ: ಅಂಚು ಮುಳ್ಳುಮುಳ್ಳಾಗಿದೆ ಎಂದರ್ಥ, ಒಳ್ಳೆಯ ಲಕ್ಷಣವಲ್ಲ. ಗಂಟಿನ ನಟ್ಟನಡುವೆ ಅಥವಾ ಪೂರ್ತಿ ಸುಣ್ಣ ಕಟ್ಟಿದ್ದರೆ ಅದು ಬಹುತೇಕ ವಾಸಿಯಾದ ಹಳೇ ಸೋಂಕಿನ ಗುರುತು. ಕಫದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಆರು ತಿಂಗಳು ಕಾಯದೆ ಹೋಗಿ.

ಈಗಿನ ಸಿಟಿಯ ಸಿಡಿಯನ್ನು ಕೇಳಿ ಪಡೆದು ಜೋಪಾನವಾಗಿಡಿ, ಬರೀ ರಿಪೋರ್ಟು ಸಾಲದು. ಮುಂದಿನ ಸ್ಕ್ಯಾನೂ ಆದಷ್ಟು ಅದೇ ಸೆಂಟರಿನಲ್ಲಿ ಆಗಲಿ.